ಕಾಕಾನ ನೆಲಮನೆಗೆ ಬಂದ ಟಿವಿ

ನಮ್ಮ ಕಾಕಾನಿಗೆ ಬೆಳಕು ಕಂಡರೆ ಆಗುತ್ತಿರಲಿಲ್ಲ ಎಂದರೆ ನೀವು ಅವನನ್ನು ಕಳ್ಳನೆಂದೋ ಮಾಟಗಾರನೆಂದೋ ತಿಳಿದೀರಿ! ಎರಡೂ ಅಲ್ಲ. ಆತ ಇಳಕಲ್ಲಿನ ಮರ್ಯಾದಸ್ಥ ನೇಕಾರ. ಊರಿನ ಉಳಿದ ನೇಕಾರರು ಕಿಟಕಿಯ ಪಕ್ಕ ಮಗ್ಗ ಹಾಕಿಕೊಂಡರೆ ಈತ ಮನೆಯ ಕೆಳಗಿನ ನೆಲಮನೆಯಲ್ಲಿ ಹಾಕಿಕೊಂಡಿದ್ದ. ನಮ್ಮ ಮುತ್ತಜ್ಜ ಕೆಂಪು ಕಲ್ಲು ಒಡೆಸಿ ತೋಡಿಸಿದ ನೆಲಮನೆ ಅದು. ಹನ್ನೊಂದು ಮೆಟ್ಟಿಲು ಇಳಿಯಬೇಕು. ಮೇಲೆ ಬಿಸಿಲಿಗೆ ಊರು ಹುರಿದು ಹೋಗುತ್ತಿದ್ದರೂ ಕೆಳಗೆ ಅಂಗಾಲು ತಣ್ಣಗಾಗುತ್ತಿತ್ತು. ಆ ತಂಪಿಗೆ ನೂಲು ಹರಿಯುವುದಿಲ್ಲ ಎಂಬುದು ಕಾಕಾನ ವಾದ. ಮಗ್ಗದ ಮೇಲೆ ಒಂದೇ ಒಂದು ಬಲ್ಬು. ಮೂಲೆಗಳಲ್ಲಿ ಏನಿತ್ತೋ ಯಾರಿಗೆ ಗೊತ್ತು?

ಕಾಕಾನಿಗೆ ಗೊತ್ತಿತ್ತು! ಕೆಳಗಿಳಿದವರಿಗೆಲ್ಲ ಅವನು ಹೇಳುತ್ತಿದ್ದ ಮೊದಲ ಮಾತು, ಎಡಗಡೆಯ ಮೂಲೆಗೆ ಹೋಗಬೇಡಿ, ಅಲ್ಲಿ ಕೂತವರಿಗೆ ತ್ರಾಸಾಗುತ್ತದೆ ಎಂಬುದು. ಯಾರು ಕೂತಿದ್ದಾರೆ ಎಂದು ಕೇಳಿದರೆ ದನಿ ತಗ್ಗಿಸಿ, ಹಳೆಯವರು ಎನ್ನುತ್ತಿದ್ದ. ಒಮ್ಮೆ ಬಾಗಲಕೋಟೆಯ ಸೀರೆ ವ್ಯಾಪಾರಿಯೊಬ್ಬ ಗೊತ್ತಿಲ್ಲದೆ ಅದೇ ಮೂಲೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತ. ಎರಡು ನಿಮಿಷಕ್ಕೆ ಅವನ ಮಾತು ನಿಂತಿತು. ನಾಲ್ಕನೆಯ ನಿಮಿಷಕ್ಕೆ ಆತ ಬೀದಿಯಲ್ಲಿದ್ದ, ಚಪ್ಪಲಿ ಮಾತ್ರ ನಮ್ಮಲ್ಲಿ ಉಳಿದವು. ಬೆನ್ನಿಗೆ ಯಾರೋ ಉಸಿರು ಬಿಟ್ಟರಂತೆ. ಆ ಮೇಲೆ ಅವನು ಅಂಗಳದಲ್ಲೇ ನಿಂತು ವ್ಯಾಪಾರ ಮುಗಿಸುತ್ತಿದ್ದ, ಚೌಕಾಶಿಯನ್ನೂ ಮಾಡುತ್ತಿರಲಿಲ್ಲ. ಕಾಕಾ ಹಳೆಯವರನ್ನು ಇಟ್ಟುಕೊಂಡದ್ದು ಇದಕ್ಕೇ ಇರಬೇಕೆಂದು ನನಗೆ ಆಗ ಗುಮಾನಿ ಬಂತು.

ನಾನು ಕಮತಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಗೋಡೆಯ ಬಿರುಕಿನಿಂದ ಗಾಳಿ ಬರುತ್ತದೆ, ಅಷ್ಟೆ ಎಂದು ಎಲ್ಲರಿಗೂ ತಿಳಿಸಿ ಹೇಳುತ್ತಿದ್ದೆ. ಆದರೆ ಖರೆ ಹೇಳಬೇಕೆಂದರೆ, ಆ ಎಡಗಡೆಯ ಮೂಲೆಗೆ ನಾನೂ ಒಂದು ದಿನವೂ ಹೋದವಳಲ್ಲ.

ಇಂಥ ಕಾಕಾನ ಜೊತೆ ಬಾಳುವೆ ಮಾಡಿದವಳು ನಮ್ಮ ಚಿಗವ್ವ. ಇಳಕಲ್ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕಲ್ಲ, ಆ ಕೆಲಸ ಅವಳದು. ಮಗ್ಗದ ಹಿಂದೆ ಕೂತು ನಲವತ್ತು ವರ್ಷ ಸಾವಿರಾರು ಎಳೆಗಳನ್ನು ಕೂಡಿಸಿದಳು. ಎಂಬತ್ತರ ದಶಕ ಶುರುವಾದ ಹೊಸತರಲ್ಲಿ ಅವಳ ಕೈ ತಪ್ಪತೊಡಗಿತು. ಬಾಗಲಕೋಟೆಯ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ನರ ಒಣಗುತ್ತಿದೆ, ಆಪರೇಶನ್ನಿನಿಂದ ಪ್ರಯೋಜನವಿಲ್ಲ, ವರ್ಷದೊಳಗೆ ಪೂರಾ ಹೋಗುತ್ತದೆ ಎಂದುಬಿಟ್ಟರು. ಬಿಸಿಲಿಗೆ ಹೋದರೆ ಅವಳ ಕಣ್ಣು ಉರಿಯುತ್ತಿದ್ದವು. ಹೀಗಾಗಿ ಅವಳೂ ದಿನವಿಡೀ ನೆಲಮನೆಯಲ್ಲೇ ಉಳಿದಳು.

ಊರಿಗೆ ವಾಪಸಾಗುವಾಗ ಬಸ್ಸಿನಲ್ಲಿ ಅಮೀನಗಡ ದಾಟುವವರೆಗೆ ಕಾಕಾ ಮಾತೇ ಆಡಲಿಲ್ಲವಂತೆ. ಆಮೇಲೆ, ನೀನು ಏನೇನು ನೋಡಿಲ್ಲ ಹೇಳು ಎಂದು ಕೇಳಿದನಂತೆ. ಚಿಗವ್ವ ಸಮುದ್ರ ಅಂದಳು, ಹಡಗು ಅಂದಳು, ಹಿಮದ ಗುಡ್ಡ ಅಂದಳು. ಬದಾಮಿಗೂ ಹೋಗಿಲ್ಲ ಅಂದಳು! ಇಳಕಲ್ಲಿನಿಂದ ಬದಾಮಿ ಎಷ್ಟು ದೂರ ಹೇಳಿ? ಕಣ್ಣು ಹೋಗುವುದರೊಳಗೆ ಇವಳಿಗೆ ಎಲ್ಲವನ್ನೂ ತೋರಿಸಬೇಕು ಎಂದು ಕಾಕಾ ಅಲ್ಲೇ ನಿಶ್ಚಯ ಮಾಡಿದ. ಬಿಸಿಲಿಗೆ ಕರೆದೊಯ್ಯುವ ಹಾಗಿಲ್ಲ. ಹಾಗಾದರೆ ಜಗತ್ತೇ ನೆಲಮನೆಗೆ ಬರಲಿ! ದೊಡ್ಡ ಟಿವಿಯೋ, ಸಿನಿಮಾ ಬಿಡುವ ಪ್ರೊಜೆಕ್ಟರೋ? ಅದನ್ನು ತೀರ್ಮಾನಿಸಲು ನನಗೊಂದು ಕಾರ್ಡು ಬಂತು. ಸೈನ್ಸ್ ಕಲಿತವಳು ನೀನೊಬ್ಬಳೇ, ಕೂಡಲೇ ಹೊರಟು ಬಾ ಎಂದಿತ್ತು. ಎರಡರಲ್ಲಿ ಒಂದನ್ನೂ ನಾನು ಮುಟ್ಟಿ ನೋಡಿದವಳಲ್ಲ ಎಂದು ಅವನಿಗೆ ಬರೆಯಲು ಧೈರ್ಯವಾಗಲಿಲ್ಲ. ಆದರೆ ಶಾಲೆಯ ಪರೀಕ್ಷೆ, ಪೇಪರು ಎಂದು ದಿನ ದೂಡಿ ನಾನು ಇಳಕಲ್ಲಿಗೆ ಹೋದದ್ದು ಆರು ತಿಂಗಳ ಮೇಲೆ. ಆ ತಪ್ಪು ನನ್ನದು.

ಎಂಟು ದಿನ ಇಟ್ಟುಕೊಂಡು ನೋಡಿ ಎಂಬ ಕರಾರಿನ ಮೇಲೆ ಮೊದಲು ಟಿವಿ ಬಂತು. ಕಟ್ಟಿಗೆಯ ಪೆಟ್ಟಿಗೆ, ಅದಕ್ಕೆ ಎರಡು ಬಾಗಿಲು, ನಮ್ಮ ದೇವರ ಗೂಡಿಗಿಂತ ದೊಡ್ಡದು. ಹನ್ನೊಂದು ಮೆಟ್ಟಿಲು ಇಳಿಸುವಷ್ಟರಲ್ಲಿ ಇಬ್ಬರ ಸೊಂಟ ಹಿಡಿಯಿತು. ಕರೆಂಟಿನ ಪ್ಲಗ್ಗು ಎಲ್ಲಿತ್ತು ಗೊತ್ತೇ? ಎಡಗಡೆಯ ಮೂಲೆಯಲ್ಲಿ! ಕಾಕಾ ಕೈ ಮುಗಿದು, ಸ್ವಲ್ಪ ಸರಿದು ಕೂಡ್ರಿ ಎಂದು ಮೂಲೆಗೆ ವಿನಂತಿ ಮಾಡಿಕೊಂಡ. ಹೊತ್ತು ತಂದವರು ಉಳಿದ ಕೆಲಸವನ್ನು ಅರ್ಧಕ್ಕೇ ಬಿಟ್ಟು ಮೇಲೆ ಹೋದರು.

ಮಾಳಿಗೆಯ ಮೇಲೆ ಆಂಟೆನಾ ಕಟ್ಟಿ, ವೈರು ಇಳಿಸಿ, ನಾನೇ ಗುಂಡಿ ತಿರುವಿದೆ. ದೂರದ ಊರಿನ ಯಾವುದೋ ಕಂಬದಿಂದ ಚಿತ್ರ ಬರಬೇಕು, ಅದು ನೆಲದ ಕೆಳಗಿನ ನಮ್ಮನ್ನು ಹುಡುಕಿಕೊಂಡು ಬಂದೀತೇ? ಒಮ್ಮೆ ಒಬ್ಬಾತ ಕಾಣಿಸಿಕೊಂಡು ಹತ್ತಿಗೆ ಔಷಧ ಹೊಡೆಯುವ ಬಗ್ಗೆ ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲೇ ಮಾಯವಾದ. ಆಮೇಲೆ ಬರೀ ಚುಕ್ಕಿ. ಬೂದು ಬಣ್ಣದ ಲಕ್ಷಾಂತರ ಚುಕ್ಕಿಗಳು ಕುದಿಯುತ್ತಿದ್ದವು, ಸೋ ಎಂದು ಸದ್ದು. ಓಣಿಯ ಏಳೆಂಟು ಜನ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಬಂದ್ ಮಾಡಲು ಕೈ ಚಾಚಿದೆ.

ಆಗ ಚಿಗವ್ವ ಮೆಲ್ಲಗೆ ಅಂದಳು, "ಇರ್ಲಿ ಬಿಡು ತಂಗಿ. ಯಾರೋ ಹೆಣ್ಮಗಳು ಬರಾಕತ್ತಾಳ."

ನಾನು ಬಗ್ಗಿ ನೋಡಿದೆ. ಪರದೆಯ ಮೇಲೆ ಯಾರೂ ಇರಲಿಲ್ಲ. ಕಾಕಾ ಮಾತ್ರ ಏನೂ ಆಗದವನಂತೆ, ಎಂಥ ಸೀರೆ ಉಟ್ಟಿದ್ದಾಳೆ ಎಂದು ಕೇಳಿದ. ಕೈಮಗ್ಗದ್ದೇ, ಕೆಂಪು ಸೆರಗು, ಹೊಳೆಗೆ ಹೋಗಿ ನೀರು ತರುತ್ತಿದ್ದಾಳೆ ಎಂದಳು ಚಿಗವ್ವ. ಅವಳ ಹಿಂದೆ ಒಬ್ಬ ಮುದುಕ ಕೋಲೂರಿಕೊಂಡು ಬರುತ್ತಿದ್ದಾನೆ, ಅವನಿಗೆ ಒಂದೇ ಕಾಲಿನಲ್ಲಿ ಚಪ್ಪಲಿ ಎಂದಳು. ಅರ್ಧ ತಾಸು ಹೇಳಿದಳು. ಹೊಳೆ ಬಂತು, ದೋಣಿ ಬಂತು, ಯಾರದೋ ಮದುವೆಯ ದಿಬ್ಬಣ ಬಂತು. ಸೋ ಎನ್ನುವ ಆ ಸದ್ದಿನಲ್ಲಿ ನನಗೂ ಡೊಳ್ಳು ಕೇಳಿಸಿದಂತಾಯಿತು.

ಸುದ್ದಿ ಓಣಿ ದಾಟಲು ಎಷ್ಟು ಹೊತ್ತು? ಇವರ ಟಿವಿಯಲ್ಲಿ ಸತ್ತವರು ಬರುತ್ತಾರಂತೆ ಎಂದು ಮರುದಿನ ಹುನಗುಂದದಿಂದಲೂ ಮಂದಿ ಬಂದರು! ಪಕ್ಕದ ಮನೆಯಾಕೆ ಊದಿನಕಡ್ಡಿ ಹಚ್ಚಿಕೊಂಡು ಬಂದು, ತನ್ನ ಅತ್ತೆ ಕಾಣುತ್ತಾಳೇನು ಎಂದು ಕೇಳಿದಳು. ಕಾಣುತ್ತಾಳೆ ಎಂದಳು ಚಿಗವ್ವ. ತನ್ನ ಕಡೆ ನೋಡುತ್ತಿದ್ದಾಳೇನು ಎಂದಳು ಆಕೆ. ಹೌದು, ಕಣ್ಣು ಮಿಟುಕಿಸದೆ ನೋಡುತ್ತಿದ್ದಾಳೆ ಎಂದಳು ಚಿಗವ್ವ. ಹಾಗಾದರೆ ಬಂದ್ ಮಾಡಿ ಎಂದು ಆಕೆ ಎದ್ದು ಹೋದಳು. ಅತ್ತೆ ಬದುಕಿದ್ದಾಗಲೂ ಅವರಿಬ್ಬರ ಭೇಟಿ ಹೆಚ್ಚುಕಡಿಮೆ ಹೀಗೇ ಮುಗಿಯುತ್ತಿತ್ತು.

ಸರಿ, ಪ್ರೊಜೆಕ್ಟರನ್ನೂ ನೋಡಿಬಿಡೋಣ ಎಂದೆ. ಹುನಗುಂದದ ಕಡೆ ಹಿಂದೆ ಟೆಂಟ್ ಸಿನಿಮಾದಲ್ಲಿ ಯಂತ್ರ ಓಡಿಸುತ್ತಿದ್ದ ಮುದುಕನೊಬ್ಬನ ಹತ್ತಿರ ಚಿಕ್ಕದೊಂದು ಪ್ರೊಜೆಕ್ಟರ್ ಇತ್ತು, ಜೊತೆಗೆ ಒಂದೇ ಒಂದು ಮೂಕ ರೀಲು, ಸಮುದ್ರದ್ದು. ಪರದೆಗೆ ಏನು ಮಾಡುವುದು? ನಾನು ಬಿಳಿ ಚಾದರ ತಂದೆ. ಕಾಕಾ ಹೌಹಾರಿದ. "ಅಂಚಿಲ್ಲದ ಬಿಳಿ ಅರಿವಿ ಹೆಣಕ್ಕ ಹೊಚ್ತಾರ. ನನ್ನ ಮನ್ಯಾಗ ಅದನ್ನ ಆಕಿ ಮುಂದ ಕಟ್ಟೂದಿಲ್ಲ." ಮಗ್ಗಕ್ಕೆ ಕೂತು ತಾನೇ ಬಿಳಿ ಬಟ್ಟೆ ನೇಯತೊಡಗಿದ. ಟಿವಿಯವನ ಕರಾರು ಮುಗಿಯುತ್ತದೆ ಎಂದು ಹಗಲೆಲ್ಲ ನೇಯ್ದ. ಕೈ ರೂಢಿ ಬಿಟ್ಟೀತೇ? ಎರಡೂ ಬದಿಗೆ ಅಂಚು ಹಾಕಿದ್ದಲ್ಲದೆ ಕೊನೆಗೆ ಕೆಂಪು ಸೆರಗನ್ನೂ ನೇಯ್ದು ಇಳಿಸಿದ. ಭೂಮಂಡಲದಲ್ಲಿ ಸೆರಗಿರುವ ಸಿನಿಮಾ ಪರದೆ ಅದೊಂದೇ ಇರಬೇಕು!

ಮುದುಕ ರೀಲನ್ನು ತಿರುಗುಮುರುಗಾಗಿ ಸುತ್ತಿ ಬಾಲವನ್ನು ತಲೆ ಮಾಡಿಬಿಟ್ಟಿದ್ದ. ಬೆಳಕು ಬಿತ್ತು. ಸಮುದ್ರ ಮೇಲಿತ್ತು, ಆಕಾಶ ಕೆಳಗಿತ್ತು. ಬೆಸ್ತರು ತಲೆಕೆಳಗಾಗಿ ಜೋತು, ಹಿಂದುಹಿಂದಕ್ಕೆ ಹೆಜ್ಜೆ ಹಾಕುತ್ತ, ಒಬ್ಬೊಬ್ಬರಾಗಿ ಆ ಕೆಂಪು ಸೆರಗಿನೊಳಗೆ ಹೊಕ್ಕು ಕಾಣದಾದರು. ಸದ್ದಿಲ್ಲ, ಯಂತ್ರದ ಕಟಕಟ ಒಂದೇ. ಮೆಟ್ಟಿಲ ಮೇಲಿದ್ದ ಮಂದಿ ಎದ್ದು ಹೊರಟುಹೋದರು. ಚಿಗವ್ವ ಮಾತ್ರ ನಸುನಗುತ್ತ ಕೂತಿದ್ದಳು.

"ಛಲೋ ಐತ್ರಿ ಸಮುದ್ರ," ಅಂದಳು. "ಕೆಳಗ ನೀರು, ಮ್ಯಾಲ ಆಕಾಶ. ಕಣ್ಣಿಗೆ ತಂಪು ಆತು."

ಅಷ್ಟೇ ಅಂದದ್ದು. ಮತ್ತೆ ಬಾಯಿ ಬಿಡಲಿಲ್ಲ. ನಾನು ಪರದೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದೆ. ವಿಜ್ಞಾನದ ಟೀಚರಲ್ಲವೇ, ಪ್ರಯೋಗ ಮಾಡದೆ ನಂಬುವುದು ಹೇಗೆ? ಅವಳ ಮುಖದ ಎದುರು ಕೈ ಆಡಿಸಿದೆ. ರೆಪ್ಪೆ ಅಲುಗಲಿಲ್ಲ. ಇನ್ನೊಮ್ಮೆ ಆಡಿಸಿದೆ. ಅಷ್ಟರಲ್ಲಿ ಯಾರೋ ನನ್ನ ಮಣಿಕಟ್ಟು ಹಿಡಿದರು. ಚೀರುವವಳಿದ್ದೆ. ಕಾಕಾ! ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಮೇಲೆ ಕರೆದೊಯ್ದ.

ಅಂಗಳದ ಬಿಸಿಲಿನಲ್ಲಿ ಅವನ ಮುಖ ನೋಡಿ ಎಷ್ಟು ದಿನವಾಗಿತ್ತೋ. ಮುದುಕನಾಗಿದ್ದ. ಚಿಗವ್ವನಿಗೆ ಕಾಣುವುದಿಲ್ಲ ಎಂದು ನಾನು ಹೇಳುವ ಮೊದಲೇ ಅವನೇ ಹೇಳಿದ, ತನಗೆ ಗೊತ್ತಿದೆ ಎಂದು. ಕಣ್ಣು ದೀಪಾವಳಿಯ ಮುಂಚೆಯೇ ಪೂರಾ ಹೋಗಿದ್ದವಂತೆ. ಗಂಡ ನೊಂದುಕೊಂಡಾನೆಂದು ಅವಳು ಹೇಳಿಲ್ಲ. ಮಂಜುಮಂಜಾಗಿ ಕಾಣುತ್ತದೆ ಎನ್ನುತ್ತಾಳೆ, ಗೋಡೆ ಮುಟ್ಟಿ ನಡೆಯುತ್ತಾಳೆ. ಕಾಕಾನೂ ಗೊತ್ತಿದ್ದವನಂತೆ ತೋರಿಸಿಕೊಂಡಿಲ್ಲ.

ಹಾಗಿದ್ದ ಮೇಲೆ ಈ ಟಿವಿ, ಪ್ರೊಜೆಕ್ಟರು ಯಾರಿಗೆ? ನನಗೆ ಸಿಟ್ಟೇ ಬಂತು. ಸತ್ತವರ ಹೆಸರಿನಲ್ಲಿ ಊರೆಲ್ಲ ನೆರೆಯಲು ಬಿಟ್ಟೆಯಲ್ಲ ಎಂದು ಜಗಳವಾಡಿದೆ. ಕಾಕಾ ನೆಲ ನೋಡುತ್ತ ಹೇಳಿದ.

"ಕಣ್ಣು ಹೋದ ಮ್ಯಾಲ ಆಕಿ ಮಾತ ಬಿಟ್ಟಾಳ, ತಂಗಿ. ನಾಕು ತಿಂಗಳ ಹೂಂ, ಹಾಂ ಅಷ್ಟ. ಟಿವಿ ಹಚ್ಚಿದ ದಿನ ಅರ್ಧ ತಾಸು ಮಾತಾಡಿದ್ಲು. ಕಾಣಲಿ ಬಿಡಲಿ, ಯಾವುದು ತಂದ್ರ ಆಕಿ ಹೆಚ್ಚು ಮಾತಾಡ್ತಾಳೋ ಅದನ್ನ ತರಬೇಕು. ನೀ ಸೈನ್ಸ್ ಕಲ್ತಾಕಿ, ಯಾವುದು ಹೇಳು."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಉತ್ತರ ನನಗೆ ಗೊತ್ತಿತ್ತು. ಪ್ರೊಜೆಕ್ಟರಿನ ಮುಂದೆ ಅವಳು ಎರಡೇ ಮಾತಾಡಿ ಬಾಯಿ ಮುಚ್ಚಿದ್ದೇಕೆ? ಅಲ್ಲಿ ಒಂದು ಚಿತ್ರ ಇರುತ್ತದೆ, ಹೇಳಿದ್ದು ತಪ್ಪಾದರೆ ಸಿಕ್ಕಿಬೀಳುತ್ತೇನೆಂಬ ಅಂಜಿಕೆ. ಚುಕ್ಕಿಗಳ ಮುಂದೆ ಆ ಭಯವಿಲ್ಲ. ಸೋ ಎನ್ನುವ ಸದ್ದು ಕೇಳಿದರೆ ಸಾಕು, ಚಿತ್ರ ಬಂದಿಲ್ಲವೆಂದು ಅವಳಿಗೆ ತಿಳಿಯುತ್ತದೆ, ಏನು ಬೇಕಾದರೂ ನೋಡಬಹುದು. ಟಿವಿಯನ್ನೇ ಇಟ್ಟುಕೋ ಎಂದೆ. ಮತ್ತೆ ಮಾಳಿಗೆ ಹತ್ತಿ, ಆಂಟೆನಾದ ವೈರನ್ನು ನನ್ನ ಕೈಯಾರೆ ಕಿತ್ತು ಸುತ್ತಿಟ್ಟೆ. ಮಂದಿ ಬರುವುದನ್ನೂ ಆವತ್ತೇ ಬಂದ್ ಮಾಡಿಸಿದೆ.

ಮರುದಿನ ಕಮತಗಿಗೆ ಹೊರಡುವ ಮುಂಚೆ ಹೇಳಿಬರಲು ಕೆಳಗಿಳಿದೆ. ಕೊನೆಯ ಮೆಟ್ಟಿಲಿನ ಮೇಲೆ ನಿಂತುಬಿಟ್ಟೆ. ಬಲ್ಬು ಆರಿತ್ತು. ಟಿವಿಯ ಬೂದು ಬೆಳಕು ಗೋಡೆಯ ಮೇಲೆಲ್ಲ ನಡುಗುತ್ತಿತ್ತು, ಆ ಬೆಳಕಿನಲ್ಲಿ ಚಿಗವ್ವನ ಕಣ್ಣು ಅರಳಿದ್ದವು.

"ಮಗ್ಗ ಕಾಣ್ತೈತ್ರಿ," ಅನ್ನುತ್ತಿದ್ದಳು. "ಒಬ್ಬಾಂವ ನೇಯಾಕತ್ತಾನ. ಹರೇದಾಂವ. ಅವನ ಹಿಂದ ಒಬ್ಬಾಕಿ ಹೊಸಾ ಮದುವಿ ಆದಾಕಿ ಕೊಂಡಿ ಹಾಕ್ಕೋತ ಕೂತಾಳ. ಅಂವ ಆಕಿ ಕಡೆ ತಿರುಗಿ ನೋಡವಲ್ಲ."

ಕಾಕಾ ತಡವರಿಸಿದ. "ಕೆಲಸದಾಗ ಇರಬೇಕು ಅಂವ."

"ಹೂಂ. ಭಾಳ ಕೆಲಸ ಅವಗ. ಆಕಿ ಕಾಯಾಕತ್ತಾಳ."

ಆಗ ನಾನು ಕಾಕಾನನ್ನು ಸರಿಯಾಗಿ ನೋಡಿದೆ. ಅವನು ಟಿವಿಗೆ ಬೆನ್ನು ಹಾಕಿ, ಅವಳ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತು, ಅವಳ ಮುಖವನ್ನೇ ನೋಡುತ್ತಿದ್ದ.

"ಈಗ ನೋಡಾಕತ್ತಾನ ನೋಡು," ಅಂದ.