ಲೇಡೀಸ್ ಬೋಗಿಯ ಪೂಜೆ ಪುರಸ್ಕಾರ

ರೈಲಿನಲ್ಲಿ ಓಡಾಡುವವರ ಬಾಳಲ್ಲಿ ದಿನಾ ಏನಾದರೊಂದು ಆಗುತ್ತಲೇ ಇರುತ್ತದೆ. ಚಂದ್ರಾ ಲೇಔಟಿನಿಂದ ಕೆಂಗೇರಿಗೆ ಬಂದು, ರೈಲು ಹಿಡಿದು ನಾನು ಮಂಡ್ಯದ ಆಫೀಸಿಗೆ ಹೋಗುತ್ತೇನೆ. ನಮ್ಮ ಲೇಡೀಸ್ ಬೋಗಿಗೆ ಯಜಮಾನಿ ಎಂದರೆ ಒಬ್ಬ ಟೀಚರು. ಎಲ್ಲರಿಗೂ ಅವರು ಅಕ್ಕ. "ಈ ರೈಲಿಲ್ದಿದ್ರೆ ನಾನು ಕೆಲ್ಸ ಬಿಡ್ಬೇಕಿತ್ತು" ಅನ್ನುತ್ತಾರೆ. ನನ್ನ ಕಥೆಯೂ ಅದೇ.

ಅವರೆಕಾಯಿ

ಮೊದಲು ಒಂದೇ ಹಳಿ ಇತ್ತು. ಎದುರಿನ ರೈಲು ದಾಟುವವರೆಗೂ ನಮ್ಮದು ನಿಲ್ಲಬೇಕು. ಸಂಜೆ ಹಾಗೆ ನಿಂತಲ್ಲೇ ನಾವು ಅವರೆಕಾಯಿ ಸುಲಿದು ಮುಗಿಸುತ್ತಿದ್ದೆವು. ಆಮೇಲೆ ಜೋಡಿ ಹಳಿ ಬಂತು, ಕರೆಂಟ್ ರೈಲು ಬಂತು. ಒಂದು ಸಂಜೆ ಅಕ್ಕನ ಮಡಿಲಲ್ಲಿ ಅರ್ಧ ಕಾಯಿ ಉಳಿದಿರುವಾಗಲೇ ಕೆಂಗೇರಿ ಬಂದುಬಿಟ್ಟಿತು.

"ಇಷ್ಟು ಬೇಗನಾ? ಇನ್ಮೇಲೆ ನಮ್ಮನೆಯವರ ಕೈಲೇ ಸುಲಿಸ್ಬೇಕು!"

ಅಭಿವೃದ್ಧಿಯ ಬಿಸಿ ಮೊದಲು ತಟ್ಟಿದ್ದು ಅವರ ಯಜಮಾನರಿಗೆ.

ಡಬ್ಬಿ

ಕಿಟಕಿಯಿಂದ ಬ್ಯಾಗ್ ಹಾಕಿ ಸೀಟು ಹಿಡಿಯುವುದು ನಮ್ಮ ಪದ್ಧತಿ. ಈಗ ರೈಲುಗಳೂ ಹೆಚ್ಚು. ಒಂದು ಬೆಳಿಗ್ಗೆ ನಮ್ಮದಕ್ಕಿಂತ ಮುಂಚೆ ಬಂದ ಬೇರೆ ರೈಲಿಗೆ ನನ್ನ ಊಟದ ಬ್ಯಾಗ್ ಹಾಕಿಬಿಟ್ಟೆ. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಅದು ಹೊರಟೇಹೋಯಿತು. ಅದರಲ್ಲಿದ್ದ ಪರಿಚಯದವರಿಗೆ ಅಕ್ಕ ಫೋನ್ ಮಾಡಿದರು. ಸಂಜೆ ಮಂಡ್ಯ ಸ್ಟೇಷನ್ನಿನಲ್ಲಿ ಯಾರೋ ಆಂಟಿ ಡಬ್ಬಿ ತೊಳೆದು ತಂದುಕೊಟ್ಟರು. ಕೈಮುಗಿದೆ.

"ಚಿತ್ರಾನ್ನ ಕೆಟ್ಟೋಗತ್ತೆ ಅಂತ ನಾವೇ ತಿಂದ್ವಮ್ಮ. ನಾಳೆ ಉಪ್ಪು ಸ್ವಲ್ಪ ಕಮ್ಮಿ ಹಾಕು."

ಹಾರ

ಆಯುಧಪೂಜೆ ಬಂದರೆ ನಾವು ತಿಂಗಳ ಪಾಸಿನವರೆಲ್ಲ ಸೇರಿ ರೈಲಿಗೆ ಪೂಜೆ ಮಾಡುತ್ತೇವೆ, ಡ್ರೈವರಿಗೆ ಹಾರ ಹಾಕುತ್ತೇವೆ. ಮೊನ್ನೆಯದು ಅಕ್ಕನ ಕೊನೆಯ ಪೂಜೆ. ಈ ತಿಂಗಳ ಕೊನೆಗೆ ಅವರಿಗೆ ರಿಟೈರ್‌ಮೆಂಟ್.

"ಇಷ್ಟು ವರ್ಷ ಜೋಪಾನವಾಗಿ ಕರ್ಕೊಂಡೋಗಿದಾರೆ. ಈ ಸಲ ಹಾರ ನಾನೇ ಹಾಕ್ಬೇಕು ಕಣ್ರೇ" ಅಂದರು.

ಹಳೇ ರೈಲಿಗೆ ಇಂಜಿನ್ ಇದ್ದ ಕಡೆ ಮುಖ. ಈಗಿನದಕ್ಕೆ ಎರಡು ತುದಿಯಲ್ಲೂ ಒಂದೇ ಥರದ ಮುಖ. ಪೂಜೆಗೆ ಪೂರ್ವ ದಿಕ್ಕೇ ಶ್ರೇಷ್ಠ ಎಂದು ಅಕ್ಕ ನಮ್ಮನ್ನೆಲ್ಲ ಆ ತುದಿಗೆ ನಿಲ್ಲಿಸಿದರು. ರೈಲು ಬಂತು. ಕುಂಕುಮ, ಆರತಿ ಗಡಿಬಿಡಿಯಲ್ಲಿ ಮುಗಿದವು. ಅಕ್ಕ ಕಣ್ಣು ತುಂಬಿಕೊಂಡು, ಆ ತುದಿಯ ಬಾಗಿಲಲ್ಲಿ ನಿಂತಿದ್ದ ಬಿಳಿ ಸಮವಸ್ತ್ರದವರಿಗೆ ಸೇವಂತಿಗೆ ಹಾರ ಹಾಕಿದರು.

"ನಿಮ್ಮಿಂದ ನನ್ನ ನೌಕ್ರಿ ಉಳೀತು, ಡ್ರೈವರ್ ಸಾರ್."

"ಡ್ರೈವರ್ ಆ ತುದೀಲಿದಾರಮ್ಮ. ನಾನು ಗಾರ್ಡು."

ಮಂಡ್ಯಕ್ಕೆ ಹೋಗುವ ರೈಲಿಗೆ ಪೂರ್ವದ ತುದಿ ಬಾಲ! ಅಕ್ಕನ ಮುಖ ಸಪ್ಪಗಾಯಿತು. ಕೈ ಹಾರದತ್ತ ಹೋಯಿತು. ಗಾರ್ಡ್ ಹಾರವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

"ಇರ್ಲಿ ಬಿಡಿ ಅಮ್ಮ. ನಮಗೆ ಇದುವರ್ಗೂ ಯಾರೂ ಹಾಕಿಲ್ಲ."

ಅಕ್ಕ ನಕ್ಕುಬಿಟ್ಟರು. "ಇಟ್ಕೊಳಿ ಸಾರ್. ನಾವು ಓಡ್ಬರೋದು ನೋಡಿ ಹಸಿರು ಬಾವುಟ ತಡೀತಿದ್ದಿದ್ದು ನೀವೇ ತಾನೇ."

ದಾರಿಯುದ್ದಕ್ಕೂ ಹಾರ ಕಂಡ ಜನ, ಅವರದೇ ಕೊನೆಯ ಡ್ಯೂಟಿ ಅಂದುಕೊಂಡು, ಸ್ಟೇಷನ್ ಸ್ಟೇಷನ್ನಿನಲ್ಲೂ ಗಾರ್ಡ್ ಕೈ ಕುಲುಕಿ, "ಹ್ಯಾಪಿ ರಿಟೈರ್‌ಮೆಂಟ್ ಸಾರ್" ಅಂದರು. ಅವರೂ ನಾಚುತ್ತ "ಥ್ಯಾಂಕ್ಸ್, ಥ್ಯಾಂಕ್ಸ್" ಅಂದರು. ಪಕ್ಕದ ಬೋಗಿಯ ಕಿಟಕಿಯಿಂದ ಅಕ್ಕ ಕೂಗಿದರು:

"ಸಾರ್, ಅದ್ರಲ್ಲಿ ಅರ್ಧ ನಂದು!"