ಸಾಹೇಬರಿಗೆ ಬಿಟ್ಟುಕೊಟ್ಟ ಸೂರ್ಯಾಸ್ತ

"ಇವತ್ತ ನನ್ನ ಬಾಯಾಗ ಆಫೀಸು ಅನ್ನೋ ಶಬ್ದ ಬಂತಂದ್ರ, ನನ್ನ ಹೆಸರು ವಿಜಯೇಂದ್ರನ ಅಲ್ಲ!"

ಬಜಾಜ್ ನಗರದ ತನ್ನ ಮನೆಯ ಕನ್ನಡಿಯ ಮುಂದೆ ನಿಂತು ವಿಜಯೇಂದ್ರ ಈ ಭೀಷ್ಮಪ್ರತಿಜ್ಞೆ ಮಾಡುವ ಹೊತ್ತಿಗೆ ಅವನ ಹೆಂಡತಿ ಕುಮುದಾ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಾಗಿತ್ತು.

"ಹೆಸರು ಆಮ್ಯಾಲೆ ಬದಲಿ ಮಾಡೂಣ್ರಿ. ಮೊದಲ ಜಲ್ದಿ ಹೊರಡ್ರಿ. ಸೂರ್ಯ ನಿಮ್ಮ ಸಲುವಾಗಿ ಕಾಯೂದಿಲ್ಲ."

ವಿಜಯೇಂದ್ರ ಗದಗಿನವನು. ಸರ್ಕಾರಿ ಕಂಪನಿಯೊಂದರ ಸ್ಟೋರ್ಸ್ ವಿಭಾಗದ ಅಧಿಕಾರಿ. ವರ್ಗವಾಗಿ ನಾಗಪುರಕ್ಕೆ ಬಂದು, ಮಗಳು ಅಪ್ಪನೊಡನೆ ಮರಾಠಿಯಲ್ಲೇ ಜಗಳವಾಡುವಷ್ಟು ಕಾಲವಾಗಿತ್ತು. ಕುಮುದಾಳ ಎರಡೂ ಕಣ್ಣಿಗೆ ಪೊರೆ ಬಂದು, ಇತ್ತೀಚೆಗಷ್ಟೇ ಆಪರೇಷನ್ ಆಗಿತ್ತು. ಪಟ್ಟಿ ಬಿಚ್ಚಿದ ದಿನ ಮೊದಲು ಗಂಡನ ಮುಖ ನೋಡಿ, "ಅಯ್ಯ, ಇಷ್ಟು ವಯಸ್ಸಾತೇನ್ರಿ ನಿಮಗ?" ಎಂದಿದ್ದಳು. ಆಮೇಲೆ ಒಂದೇ ಒಂದು ಆಸೆ ಹೇಳಿಕೊಂಡಿದ್ದಳು.

"ಹೊಳಿ ಮ್ಯಾಲೆ ಸೂರ್ಯ ಮುಳುಗೂದು ನೋಡಬೇಕ್ರಿ. ಇಷ್ಟು ದಿವಸ ಎಲ್ಲಾ ಮಂಜ ಮಂಜ. ಕೆಂಪು ಅಂದ್ರ ಹೆಂಗಿರ್ತೈತಿ ಅನ್ನೂದ ಮರತುಬಿಟ್ಟೀನಿ."

ಆಸೆ ಸಣ್ಣದು. ಆದರೆ ವಿಜಯೇಂದ್ರ ಸಣ್ಣದಾಗಿ ಏನನ್ನೂ ಮಾಡುವವನಲ್ಲ! ಕಾಮಠಿ ದಾಟಿ, ಕನ್ಹಾನ್ ನದಿಯ ಸೇತುವೆಯಾಚೆ 'ಥಾಯ್ ಕಿನಾರಾ' ಎಂಬ ಹೋಟೆಲು ಎದ್ದಿತ್ತು. ಊರಿಗೆ ಊರೇ ಅಲ್ಲಿಗೆ ಮುಗಿಬೀಳುತ್ತಿತ್ತು. ಅದರಲ್ಲೂ ಹೊಳೆಯ ಕಡೆ ತೆರೆದ ತುದಿಯ ಟೇಬಲ್ಲೆಂದರೆ ಚುನಾವಣೆಯ ಟಿಕೆಟ್ಟಿಗಿಂತ ದುರ್ಲಭ. ಅದನ್ನು ವಿಜಯೇಂದ್ರ ತಿಂಗಳ ಮೊದಲೇ ಕಾದಿರಿಸಿ, ಸಾಮ್ರಾಜ್ಯ ಗೆದ್ದವನಂತೆ ಓಡಾಡಿಕೊಂಡಿದ್ದ.

"ಥಾಯ್ ಊಟ ಅಂದ್ರ ಏನಂತ ತಿಳದಿ? ಇವತ್ತ ನೋಡು!"

"ತಾಯಿ ಊಟ ಅಂದ್ರ ನಮ್ಮವ್ವ ಮಾಡಿ ಹಾಕ್ತಿದ್ದಿದ್ದು. ಅದು ಬಿಡ್ರಿ, ನನಗ ಸೂರ್ಯ ತೋರಸ್ರಿ ಸಾಕು."

ಹೋಟೆಲು ಮುಟ್ಟಿದಾಗ ಸೂರ್ಯ ಇನ್ನೂ ಒಂದಾಳು ಮೇಲಿದ್ದ. ಬಾಗಿಲಲ್ಲಿ ನಿಂತಿದ್ದ ಹೋಟೆಲಿನವರೆಲ್ಲ ಬಿಳಿ ಅಂಗಿ, ಮೇಲೊಂದು ಕುಂಕುಮಗೆಂಪಿನ ತೋಳಿಲ್ಲದ ಕೋಟು ತೊಟ್ಟಿದ್ದರು. ಈ ದಿನಕ್ಕೆಂದೇ ವಿಜಯೇಂದ್ರ ಹೊಲಿಸಿದ್ದ ಕೋಟೂ ಅದೇ ಬಣ್ಣದ್ದು! ಕುಮುದಾ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅವನು ನೋಡದವನಂತೆ ಎದೆಯುಬ್ಬಿಸಿ ನಡೆದ.

ಕುಮುದಾ ತುದಿಯ ಟೇಬಲ್ಲಿನಲ್ಲಿ ಹೊಳೆಗೆ ಮುಖ ಮಾಡಿ ಕೂತಳು. ನೀರಿನ ಮೇಲೆ ಆಗಲೇ ಬಂಗಾರ ಕದಡತೊಡಗಿತ್ತು. ಅವಳು ಮಗುವಿನ ಹಾಗೆ ಎರಡೂ ಕೈ ಕೆನ್ನೆಗಿಟ್ಟುಕೊಂಡು ನೋಡುತ್ತಿದ್ದಳು.

ಆಗ ಬಾಗಿಲ ಬಳಿ ಗದ್ದಲವೆದ್ದಿತು. ತಿರುಗಿ ನೋಡಿದ ವಿಜಯೇಂದ್ರನ ಜೀವ ಬಾಯಿಗೆ ಬಂತು. ಹೊಸದಾಗಿ ಬಂದಿದ್ದ ಜನರಲ್ ಮ್ಯಾನೇಜರ್ ಸಾಹೇಬರು! ಸಂಸಾರ ಸಮೇತ! ಟೇಬಲ್ ಕಾದಿರಿಸದೆ ಬಂದು, "ಹೊಳೆ ಕಾಣೋ ಜಾಗವೇ ಬೇಕು" ಎಂದು ಹೋಟೆಲಿನ ಮ್ಯಾನೇಜರನ ಮೇಲೆ ಹರಿಹಾಯುತ್ತಿದ್ದರು. ವಿಜಯೇಂದ್ರನ ಬಡ್ತಿಯ ಹಣೆಬರಹ ಸದ್ಯ ಇದ್ದದ್ದು ಅವರ ಕೈಯಲ್ಲೇ. ಅವನ ತಲೆ ಯೋಚಿಸುವ ಮೊದಲೇ ಬೆನ್ನು ಬಾಗಿಬಿಟ್ಟಿತು. ಓಡಿಹೋಗಿ ಮ್ಯಾನೇಜರನ ಕಿವಿಯಲ್ಲಿ, "ನಮ್ಮ ಟೇಬಲ್ ಅವರಿಗೆ ಕೊಡಿ" ಎಂದ. ಮ್ಯಾನೇಜರ್ ಪುಣ್ಯಾತ್ಮನನ್ನು ನೋಡುವಂತೆ ನೋಡಿದ.

ಇನ್ನು ಹೆಂಡತಿಗೆ ಹೇಳಬೇಕಲ್ಲ!

"ಕುಮುದಾ, ಏಳು. ಒಳಗ ಕೂಡೂಣು. ಇಲ್ಲೆ ಗಾಳಿ ಭಾಳ ಐತಿ. ನಿನ್ನ ಕಣ್ಣಿಗೆ ಚಲೋ ಅಲ್ಲ."

"ಗಾಳಿ ಎಲ್ಲೈತ್ರಿ?" ಎನ್ನುತ್ತಲೇ ಕುಮುದಾ ಅವನ ಭುಜದಾಚೆ ನೋಡಿದಳು. ಈಗ ಅವಳಿಗೆ ಎಲ್ಲವೂ ಸ್ವಚ್ಛವಾಗಿ ಕಾಣುತ್ತಿತ್ತು. "ಓಹೋ. ಗಾಳಿ ಅಲ್ಲೆ ಬಂದು ನಿಂತೈತಿ ಅನ್ರಿ." ಎದ್ದಳು.

ಅವರಿಗೆ ಸಿಕ್ಕಿದ ಹೊಸ ಜಾಗ ಅಡುಗೆಮನೆಯ ಬಾಗಿಲಿಗೂ ಕೈತೊಳೆಯುವ ಬೇಸಿನ್ನಿಗೂ ನಡುವೆ. ವಿಜಯೇಂದ್ರನ ಎದುರು ಗೋಡೆ. ಬೆನ್ನ ಹಿಂದೆ ಯಾರೋ ನಿರಂತರವಾಗಿ ಬಾಯಿ ಮುಕ್ಕಳಿಸುತ್ತಿದ್ದರು. ಅವನು ಹೆಂಡತಿಯನ್ನು ಒಲಿಸಲು ಸೂಪು ತರಿಸಿದ. "ಟಾಮ್ ಯಮ್ ಅಂತ. ಜಗತ್ಪ್ರಸಿದ್ಧ!"

"ಹೆಸರಿನಾಗ ಯಮ ಅದಾನ. ನೀವ ಕುಡೀರಿ."

ಕುಡಿದ. ಯಮ ಮೂಗಿನಲ್ಲೂ ಕಿವಿಯಲ್ಲೂ ಒಟ್ಟಿಗೆ ದರ್ಶನ ಕೊಟ್ಟ! ಕೆಮ್ಮಿ, ಕಣ್ಣೊರೆಸಿಕೊಂಡು ನೋಡಿದರೆ, ಕುಮುದಾ ಕುರ್ಚಿಯನ್ನು ಗೋಡೆಯ ಮೂಲೆಗೆ ಸರಿಸಿಕೊಂಡು ಕತ್ತು ಚಾಚಿದ್ದಳು. ಎರಡು ಕಂಬಗಳ ಸಂದಿಯಲ್ಲಿ ಒಂದು ಸೀಳು ಆಕಾಶ ಕಾಣುತ್ತಿತ್ತು. ಆ ಸೀಳಿನಲ್ಲೇ ಕೆಂಪು ತುಂಬಿಕೊಂಡಿತ್ತು. ಅವಳ ಮುಖದ ಸಿಟ್ಟೆಲ್ಲ ಇಳಿದು ಹೋಗಿತ್ತು.

"ರೀ, ಇಲ್ಲೆ ಬರ್ರಿ! ಇಲ್ಲಿಂದ ಒಂದೀಟು ಕಾಣಸ್ತೈತಿ. ಜಲ್ದಿ ಬರ್ರಿ!"

ಅದೇ ಗಳಿಗೆಯಲ್ಲಿ ತುದಿಯ ಟೇಬಲ್ಲಿನಿಂದ ಚಿಟಿಕೆಯ ಸದ್ದು ಕೇಳಿತು. ಸಾಹೇಬರು ಇವನ ಕಡೆಗೇ ನೋಡಿ ಕೈಯಾಡಿಸುತ್ತಿದ್ದರು. ಗುರುತು ಹಿಡಿದರು! ಜೊತೆಗೆ ಕೂರಿಸಿಕೊಂಡು ಮಾತಾಡಿಸುತ್ತಾರೋ ಏನೋ! ವಿಜಯೇಂದ್ರ ಕುರ್ಚಿ ಬೀಳುವಂತೆ ಎದ್ದು ಹೋದ.

ಸಾಹೇಬರು ಅವನ ಮುಖ ನೋಡಲಿಲ್ಲ, ಕೋಟು ನೋಡಿದರು.

"ಭಾಯ್, ಪರದಾ ಗಿರಾ ದೋ. ಮೇಡಂ ಕೀ ಆಂಖೋ ಮೇ ಧೂಪ್ ಆ ರಹೀ ಹೈ."

ಹೊಳೆ ಕಾಣಬೇಕೆಂದೇ ಆ ಜಾಗಕ್ಕೆ ಹಟ ಹಿಡಿದವರಿಗೆ ಈಗ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು! 'ನಾನು ಹೋಟೆಲಿನವನಲ್ಲ' ಎನ್ನಲು ವಿಜಯೇಂದ್ರ ಬಾಯಿ ತೆರೆದ. ಬಂದ ಮಾತು ಮಾತ್ರ "ಎಸ್ ಸರ್." ಬಿದಿರಿನ ಪರದೆಯ ಹಗ್ಗ ಎಳೆದ. ಸಿಕ್ಕಿಹಾಕಿಕೊಂಡಿತ್ತು. ಸ್ಟೂಲು ಹತ್ತಿ ಜೋರಾಗಿ ಎಳೆದ. ಆ ಒಂದು ಪರದೆಯ ಜೊತೆಗೆ ಸಾಲಿಗೆ ಸಾಲೇ ದಡದಡನೆ ಇಳಿದು, ಹೊಳೆಯೂ ಸೂರ್ಯನೂ ಒಟ್ಟಿಗೆ ಮಾಯವಾದವು! ಹೋಟೆಲೆಲ್ಲ ಕತ್ತಲು. ಎಲ್ಲ ಟೇಬಲ್ಲುಗಳಿಂದ ಕೂಗು, ಬೈಗುಳ. ಬೇರೆ ಪಾಳಿಯ ಮೇಲ್ವಿಚಾರಕನೊಬ್ಬ ಓಡಿ ಬಂದು ಮರಾಠಿಯಲ್ಲಿ ಗದರಿದ:

"ತುಮ್ಹೀ ಕೋಣ?"

ಅವನು ಕೇಳಿದ್ದು 'ನೀವು ಯಾರು' ಎಂದು. ಆದರೆ ಸ್ಟೂಲಿನ ಮೇಲೆ ಹಗ್ಗ ಹಿಡಿದು ನಿಂತ ಗದಗಿನವನಿಗೆ ಅದು ಪ್ರಶ್ನೆಯಾಗಿ ಕೇಳಿಸಲೇ ಇಲ್ಲ. ಹೌದು, ಕೋಣನೇ ಎಂದುಕೊಂಡ. ದಿಕ್ಕುಗಾಣದೆ ಸಾಹೇಬರ ಕಡೆ ತಿರುಗಿ ಹಲ್ಲು ಗಿಂಜಿದ.

"ಸರ್, ಮೈ ವಿಜಯೇಂದ್ರ... ಸ್ಟೋರ್ಸ್ ಸೆ..."

ಸಾಹೇಬರಿಗೆ ದಯೆ ಉಕ್ಕಿತು. ಮೇಲ್ವಿಚಾರಕನಿಗೆ ಹೇಳಿದರು: "ಜಾನೇ ದೋ, ಸ್ಟೋರ್ ಕಾ ಆದ್ಮೀ ಹೈ. ಇಸ್ಕೋ ಬಾಹರ್ ಮತ್ ಭೇಜಾ ಕರೋ."

ಅಂದರೆ, ಇವನು ಉಗ್ರಾಣದವನು, ಬಿಟ್ಟುಬಿಡಿ, ಗಿರಾಕಿಗಳ ಮುಂದೆ ಕಳಿಸಬೇಡಿ! ದಿನವೂ ಲಿಫ್ಟಿನಲ್ಲಿ ಇವನಿಂದ ಸಲಾಮು ಹೊಡೆಸಿಕೊಂಡ ಮನುಷ್ಯನ ಬಾಯಲ್ಲಿ ಬಂದ ಶಿಫಾರಸು ಇದು.

ವಿಜಯೇಂದ್ರ ಸ್ಟೂಲಿನಿಂದಿಳಿದು ತನ್ನ ಟೇಬಲ್ಲಿಗೆ ಬಂದರೆ ಕುಮುದಾಳ ಕುರ್ಚಿ ಖಾಲಿ. ಅಡುಗೆಮನೆಯ ಹಿಂದೆ, ಪಾತ್ರೆ ತೊಳೆಯುವ ಕಟ್ಟೆಯ ಪಕ್ಕ ಅವಳು ನಿಂತಿದ್ದಳು. ಹೊಳೆ ಬೂದಿಬಣ್ಣಕ್ಕೆ ತಿರುಗಿತ್ತು.

"ಕಾಣಿಸ್ತೇನು?"

"ಸುತ್ತು ಹಾಕಿ ಬರೂದ್ರಾಗ ಮುಗದಿತ್ತು."

"ಹೋಗಲಿ ಬಿಡು. ನಾಳೆ ಮತ್ತ ಬರೂಣು."

ಅವಳು ಹೊಳೆಯ ಕಡೆಗೇ ನೋಡುತ್ತಿದ್ದಳು. ಅವನೇ ರೇಗಿದ.

"ನೀನರ ಒಬ್ಬಾಕೀನ ಯಾಕ ಎದ್ದು ಬಂದಿ? ನನ್ನ ಕರದಿದ್ರ ನಾನೂ ಬರ್ತಿದ್ದಿಲ್ಲೇನು?"

ಕುಮುದಾ ತಿರುಗಿ ಅವನನ್ನು ಪೂರ್ತಿಯಾಗಿ ನೋಡಿದಳು.

"ಕರದಿದ್ದೆನ್ರಿ. ಒಂದ ಹೊತ್ತಿಗೆ ಇಬ್ಬರೂ ಕರದ್ವಿ. ನಾ 'ರೀ' ಅಂದೆ, ಅವರು ಚಿಟಿಕಿ ಹೊಡದ್ರು. ನಿಮಗ ಚಿಟಿಕಿ ಕೇಳಿಸ್ತು."