ಒಂದ ಕೈದೋ, ಎರಡೂ ಕೈದೋ?

ತೂಕದ ಮಾತು ಬಂದಲ್ಲೆಲ್ಲ ನನ್ನ ತಲೆ ಕೆಡುವುದು ಹೊಸದೇನಲ್ಲ. ಈ ಶ್ರಾವಣದಲ್ಲಿ ಮಾತ್ರ ಪೂರ್ತಿ ಕೆಟ್ಟಿತು.

ಏಕಸಂಬಿ ಹತ್ತಿರದ ನಮ್ಮೂರ ಈಶ್ವರ ಗುಡಿಯಲ್ಲಿ ಶ್ರಾವಣ ಸೋಮವಾರದ ನೀರಿನ ಸೇವೆ ನಮ್ಮ ಮನೆತನದ್ದು. ಕೃಷ್ಣೆಯ ನೀರು ತುಂಬಿದ ತಾಮ್ರದ ಹಂಡೆಯನ್ನು ನೆಲಕ್ಕೆ ತಾಗಿಸದೆ ತಲೆಯ ಮೇಲಕ್ಕೆ ಎತ್ತಿ, ಲಿಂಗದ ಮೇಲೆ ತೂಗುಬಿಟ್ಟ ಧಾರಾಪಾತ್ರೆಗೆ ಸುರಿಯಬೇಕು. ಈ ಸಲ ನನ್ನ ಬಲಭುಜ ಹಿಡಿದುಕೊಂಡಿತ್ತು. ಹಂಡೆ ಎತ್ತುವವರು ಮನೆಯಲ್ಲಿಲ್ಲವೆಂದರೆ ಸೇವೆ ಕೆಳಗಿನ ಓಣಿಯವರಿಗೆ ಹೋಗುತ್ತದೆ. ಅವರು ಆಗಲೇ ತೋಳೇರಿಸಿ ನಿಂತಿದ್ದರು.

ಎತ್ತುವವರು ನಮ್ಮಲ್ಲಿ ಇಬ್ಬರಿದ್ದರು: ಮಗ, ಮತ್ತು ಶ್ರಾವಣಕ್ಕೆ ಮಗಳೊಂದಿಗೆ ಬಂದಿದ್ದ ಅಳಿಯ. ಇಬ್ಬರೂ ಜಿಮ್ಮಿಗೆ ಹೋಗುವವರೇ. ಹೆಚ್ಚು ಬಲ ಯಾರದೆಂದು ತಿಳಿಯಲು ಹೊರಟೆ. ಅಲ್ಲೇ ಎಡವಿದೆ.

ಹದಿನೆಂಟರ ಅಳಿಯ

ಊಟಕ್ಕೆ ಕೂತಾಗ ಕೇಳಿದೆ.

"ನಾ ತಲೀ ಮ್ಯಾಲೆ ನಲವತ್ತು ಕಿಲೋ ಎತ್ತತೇನಿ, ಬಾರ್‌ಬೆಲ್ಲು," ಅಂದ ಮಗ.

"ನಂದು ಹದಿನೆಂಟ್ರಿ ಮಾವಾರ. ಡಂಬೆಲ್ಲು," ಅಂದ ಅಳಿಯ.

ನನಗೆ ಅಯ್ಯೋ ಅನ್ನಿಸಿತು. ಅಥಣಿ ಕಡೆಯ ಅನಂತಪುರದಂಥ ಊರಿನ ಹುಡುಗ, ಹೈನು ಇರುವ ಮನೆ, ಬರೀ ಹದಿನೆಂಟೇ! "ಅವಗ ಇನ್ನಷ್ಟು ತುಪ್ಪ ಹಾಕ," ಅಂತ ಹೆಂಡತಿಗೆ ಮೆಲ್ಲಗೆ ಹೇಳಿದೆ. ಮಗಳ ಕಿವಿ ಚುರುಕು.

"ಅಪ್ಪಾ, ಅದು ಒಂದ ಕೈದು! ಎರಡೂ ಕೈ ಕೂಡಿದ್ರ ಮೂವತ್ತಾರು!"

"ಹಂಗಾರ ಮೂವತ್ತಾರು ಅನ್ನಬೇಕಿಲ್ಲೋ?"

"ಡಂಬೆಲ್ಲಿಗೆ ಒಂದ ಕೈದು ಹೇಳೂದು ಪದ್ಧತ್ರಿ," ಅಂದ ಅಳಿಯ.

ಅಷ್ಟರಲ್ಲಿ ಹೆಂಡತಿ ಹೋಳಿಗೆ ತಂದು, "ಎಷ್ಟು ಹಾಕ್ಲಿ?" ಅಂದಳು. "ಎರಡು ಸಾಕ್ರಿ ಅತ್ತಿ," ಅಂದ ಅಳಿಯ.

ಅವಳು ಕೈ ತಡೆದು ಕೇಳಿದಳು: "ಒಂದ ಕೈದೋ, ಎರಡೂ ಕೈದೋ?"

ಗಾಡಿ ತೂಕ

ಕಣ್ಣಾರೆ ನೋಡೋಣವೆಂದು ಇಬ್ಬರ ಜೊತೆ ಚಿಕ್ಕೋಡಿಯ ಜಿಮ್ಮಿಗೆ ಹೋದೆ. ಮಗ ಉದ್ದನೆಯ ಸರಳಿಗೆ ಆ ಕಡೆ ಹತ್ತು ಕಿಲೋದ ಕಬ್ಬಿಣದ ಗಾಲಿ, ಈ ಕಡೆ ಹತ್ತರ ಗಾಲಿ ಸಿಕ್ಕಿಸಿದ.

"ಇದು ಇಪ್ಪತ್ತಾತು. ಉಳಿದ ಇಪ್ಪತ್ತು ಎಲ್ಲೈತಿ?"

"ಸರಳಿಂದು ಇಪ್ಪತ್ತು, ಅಪ್ಪಾ."

ನಾನು ಕಬ್ಬು ಬೆಳೆಯುವವನು. ಫ್ಯಾಕ್ಟರಿಯ ಕಾಟಾದ ಮೇಲೆ ಕಬ್ಬಿನ ಗಾಡಿ ನಿಂತರೆ ಮೊದಲು ಗಾಡಿಯ ತೂಕ ಕಳೆಯುತ್ತಾರೆ. "ಸರಳಂದ್ರ ಗಾಡಿ. ಗಾಲಿ ಅಂದ್ರ ಕಬ್ಬು. ಗಾಡಿ ತೂಕ ಕಳೀಬೇಕೋ ಬ್ಯಾಡೋ? ನಿಂದು ಇಪ್ಪತ್ತ."

ಮಗನ ಮುಖ ಸುಟ್ಟ ಬದನೆಕಾಯಿಯಂತಾಯಿತು. "ಗಾಡೀನೂ ನಾನ ಎತ್ತೇನಲ್ಲಪಾ! ಹಂಗಾರ ಡಂಬೆಲ್ಲಿನ ಹಿಡಿಕೀದೂ ಕಳಿ!"

ಹಿಡಿಕೆಯ ತೂಕ ಎಷ್ಟೆಂದು ಅಳಿಯನನ್ನು ಕೇಳಿದೆ. ಅವನು ಡಂಬೆಲ್ಲು ತಿರುಗಿಸಿ ನೋಡಿ ಕೇಳಿದ: "ಒಂದ ಕೈದು ಹೇಳ್ಲ್ಯಾ?"

ಬಿಟ್ಟ ಎತ್ತುಗಳು

ಅಲ್ಲಿನ ಮಾಸ್ತರ ನನ್ನ ಪರದಾಟ ನೋಡಿ, ತೂಕ ಸಮ ಮಾಡಿ, ಇಬ್ಬರಿಗೂ ಸಾಮಾನು ಅದಲುಬದಲು ಮಾಡಿಸಿದ. ಅಳಿಯ ನಲವತ್ತರ ಸರಳನ್ನು ಬಾಯಲ್ಲಿ ಎಣಿಸುತ್ತ ಹತ್ತು ಸಲ ಸಲೀಸಾಗಿ ಎತ್ತಿ ಇಳಿಸಿದ. ನಲವತ್ತು ಎತ್ತುವ ನನ್ನ ಮಗನಿಗೆ ಮಾತ್ರ ಇಪ್ಪತ್ತರ ಎರಡು ಡಂಬೆಲ್ಲು ಮೇಲೆ ಹೋಗಲಿಲ್ಲ. ಒಂದು ಏರಿದರೆ ಇನ್ನೊಂದು ಓಲಾಡಿತು.

"ಇಪ್ಪತ್ತು ಇಪ್ಪತ್ತು ನಲವತ್ತ ಅಲ್ಲೇನ್ರಿ?" ಅಂದೆ. ನಾನು ಕನ್ನಡ ಸಾಲೆಯಲ್ಲಿ ಹಾಗೇ ಕಲಿತದ್ದು.

"ಅಜ್ಜಾರ, ಸರಳಂದ್ರ ನೊಗ ಕಟ್ಟಿದ ಜೋಡೆತ್ತು. ಡಂಬೆಲ್ಲಂದ್ರ ಬಿಟ್ಟ ಎತ್ತು. ಒಂದು ಅಥಣಿ ಕಡೆ ಎಳೀತೈತಿ, ಒಂದು ನಿಪ್ಪಾಣಿ ಕಡೆ. ತೂಕ ಅಷ್ಟ ಇದ್ರೂ, ಹಿಡದು ನಿಲ್ಲಿಸೂದ್ರಾಗ ಅರ್ಧಾ ಶಕ್ತಿ ಹೋಗತೈತಿ."

ಎತ್ತಿನ ಮಾತು ತಿಳಿಯಿತು. ನನ್ನ ಚಿಂತೆ ಹಂಡೆಯದು. "ನೀರು ತುಂಬಿದ ಹಂಡೆ ಸರಳಿನ ಪೈಕಿಯೋ, ಡಂಬೆಲ್ಲಿನ ಪೈಕಿಯೋ?"

ಮಾಸ್ತರ ಗೋಡೆಯ ಚಾರ್ಟನ್ನು ಮೇಲಿಂದ ಕೆಳಗೆ ಹುಡುಕಿದ. "ಹಂಡೆ ನಮ್ಮ ಕೋರ್ಸಿನಾಗ ಇಲ್ಲರಿ."

ಸೋಮವಾರ

ನಿರ್ಣಯ ಆಗಲೇ ಇಲ್ಲ. ಮಗನನ್ನು ಬಿಟ್ಟರೆ ಮನೆ ಸಿಟ್ಟು, ಅಳಿಯನನ್ನು ಬಿಟ್ಟರೆ ಬೀಗರು ಸಿಟ್ಟು. ಹಂಡೆಗೆ ಎರಡು ಹಿಡಿಕೆ ಕೊಟ್ಟವನೂ ಆ ಈಶ್ವರನೇ ಅಂದುಕೊಂಡು, ಇಬ್ಬರ ಕೈಗೂ ಒಂದೊಂದು ಕೊಟ್ಟೆ.

ಗುಡಿ ತುಂಬಿತ್ತು. ಕೆಳಗಿನ ಓಣಿಯವರು ಮುಂದೆಯೇ ನಿಂತಿದ್ದರು. ನಾನು ಕಣ್ಣುಮುಚ್ಚಿ ಕೈಮುಗಿದೆ. "ಹರ ಹರ ಮಹಾದೇವ!" ಅಂತ ಇಬ್ಬರೂ ಎತ್ತಿದರು. ಹಂಡೆ ಸರಾಗವಾಗಿ ತಲೆಯ ಮೇಲೆ ಹೋಯಿತು. ಪೂಜಾರಿ ಗಂಟೆ ಬಾರಿಸಿದ.

ನೀರಿನ ಸಪ್ಪಳವೇ ಇಲ್ಲ. ಕಣ್ಣು ತೆರೆದರೆ ಹಂಡೆ ಭುಜಕ್ಕೆ ಇಳಿದಿತ್ತು. ಮನೆತನದ ಸೇವೆ ಹೋಯಿತು! ಅಷ್ಟರಲ್ಲಿ ಮತ್ತೆ ಮೇಲೆ ಹೋಯಿತು, ಮತ್ತೆ ಗಂಟೆ. ಮತ್ತೆ ಇಳಿಯಿತು. ಇಬ್ಬರೂ ಕಣ್ಣು ಗಟ್ಟಿ ಮುಚ್ಚಿ ಬಾಯಲ್ಲಿ ಏನೋ ಗುಣುಗುತ್ತಿದ್ದರು. ಮಂತ್ರವೆಂದು ತಿಳಿದು ಹಿಂದಿನವರೂ ಕೈಮುಗಿದರು.

ಗಂಟೆ ಬಾರಿಸಿ ಸಾಕಾದ ಪೂಜಾರಿ ಕೂಗಿದ: "ಸುರುವ್ರೋ ತಮ್ಮಗೋಳ್ರಾ!"

ಮಗ ಉಸಿರು ಬಿಗಿಹಿಡಿದೇ ಉತ್ತರ ಕೊಟ್ಟ: "ತಡೀರಿ ಅಜ್ಜಾರ, ಇನ್ನ ಮೂರು ಉಳದಾವು!"

ಗುಡಿಯೆಲ್ಲ ನಕ್ಕಾಗ ಇಬ್ಬರೂ ಎಚ್ಚತ್ತು ಸುರಿದರು. ಧಾರೆ ಇಳಿಯಿತು. ಒಂದು ಹನಿ ಹೊರಗೆ ಬೀಳಲಿಲ್ಲ. ಸೇವೆ ನಮ್ಮ ಮನೆಯಲ್ಲೇ ಉಳಿಯಿತು.

ತೀರ್ಥ ಕೊಡುವಾಗ ಪೂಜಾರಿ ನನ್ನ ಕಿವಿಯಲ್ಲಿ ಹೇಳಿದ: "ಮುಂದಿನ ಸೋಮವಾರ ಅವರಿಬ್ಬರ ಎಣಿಕಿ ಮನ್ಯಾಗ ಮುಗಿಸಿ ಕರಕೊಂಡು ಬರ್ರಿ. ದೇವ್ರು ಒಂದ ಸಲದ್ದ ಲೆಕ್ಕಾ ಹಿಡೀತಾನ."